ಮಗುವಿನ ಹೆಸರು ಅಂಗನವಾಡಿ ಪುಸ್ತಕದಲ್ಲಿ ಉಂಟಾ?

ಕಳೆದ ಮಳೆಗಾಲದ ಒಂದು ಬೆಳಗ್ಗೆ ನಾವು ಬಂಟ್ವಾಳ ತಾಲೂಕಿನ ಒಂದು ಅಂಗನವಾಡಿಯ ಜಗಲಿಯಲ್ಲಿ ಕುಳಿತಿದ್ದೆವು. ಒಳಗೆ ಹತ್ತು ಹನ್ನೆರಡು ಮಕ್ಕಳ ಗದ್ದಲ. ಕೊಡೆ ಮಡಚಿ ಗೋಡೆಗೆ ಒರಗಿಸಿ ಒಬ್ಬರು ಉಮ್ಮ ಬಂದರು. ಸೊಂಟದಲ್ಲಿ ಎಂಟು ತಿಂಗಳ ಕೂಸು, ಬುರ್ಖಾದ ತುದಿ ಹಿಡಿದುಕೊಂಡು ಮೂರು ವರ್ಷದ ಹುಡುಗ. ಬಂದದ್ದು ಹುಡುಗನನ್ನು ಸೇರಿಸಲಿಕ್ಕಲ್ಲ, ಕೂಸಿನ ಪಾಲಿನ ಆಹಾರದ ಪ್ಯಾಕೆಟ್ ತೆಗೆದುಕೊಂಡು ಹೋಗಲಿಕ್ಕೆ. ಸಹಿ ಹಾಕಿ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಸಹಾಯಕಿಯ ಕೈಯಿಂದ ಸ್ಟೀಲ್ ಬಟ್ಟಲುಗಳ ಅಟ್ಟಿ ಜಾರಿ ನೆಲಕ್ಕೆ ಬಿತ್ತು. ಮಕ್ಕಳೆಲ್ಲ ಬೆಚ್ಚಿ ತಿರುಗಿದರು. ಸೊಂಟದ ಕೂಸು ಅಳಲು ಶುರು ಮಾಡಿತು. ಆ ಹುಡುಗ ಮಾತ್ರ ಅಂಗಳದಲ್ಲಿ ಹರಿಯುವ ನೀರನ್ನು ನೋಡುತ್ತಾ ನಿಂತಿದ್ದ.

ಟೀಚರ್ ಅದನ್ನು ಗಮನಿಸಿದರು.

"ಇವನು ಕರೆದರೆ ತಿರುಗ್ತಾನಾ?"

"ಒಮ್ಮೊಮ್ಮೆ ತಿರುಗ್ತಾನೆ ಟೀಚರ್. ಮೊಬೈಲ್ ಕೈಯಲ್ಲಿದ್ರೆ ಅವನಿಗೆ ಬೇರೆ ಎಂತದೂ ಬೇಡ."

"ಮಾತು?"

"ಇನ್ನೂ ಇಲ್ಲ. ಅವನ ಉಪ್ಪ ಕೂಡ ನಾಲ್ಕು ವರ್ಷ ಆದ ಮೇಲೆಯೇ ಮಾತಾಡಿದ್ದಂತೆ. ಗಂಡು ಮಕ್ಕಳಿಗೆ ಸ್ವಲ್ಪ ತಡ ಅಂತ ಮಾಮಿ ಹೇಳ್ತಾರೆ."

ಟೀಚರ್ ವಾದ ಮಾಡಲಿಲ್ಲ. ಹುಡುಗನ ಹಿಂದೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿದರು, ಮತ್ತೆ ಗಿಲಕಿ ಅಲ್ಲಾಡಿಸಿದರು. ಆಮೇಲೆ ತಮ್ಮ ಪುಸ್ತಕ ತೆರೆದು ಅವನ ಹೆಸರು ಹುಡುಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದರು. "ಮುಂದಿನ ವಾರ ಡಾಕ್ಟರರ ತಂಡ ಬರ್ತದೆ. ಆ ದಿನ ಮಳೆ ಬರಲಿ, ಏನೇ ಆಗಲಿ, ಇವನನ್ನು ಕರ್ಕೊಂಡು ಬನ್ನಿ" ಅಂದರು.

ಆ ಉಮ್ಮ ಬಂದರು. ತಂಡದ ಡಾಕ್ಟರರು ಚೀಟಿ ಬರೆದು ಮಂಗಳೂರಿಗೆ ಕಳಿಸಿದರು. ಅಲ್ಲಿ ಮಗುವನ್ನು ಮಲಗಿಸಿ ಮಾಡುವ ಬೆರಾ ಪರೀಕ್ಷೆ ಆಯಿತು. ಎರಡೂ ಕಿವಿಯಲ್ಲಿ ಕೇಳುವ ಶಕ್ತಿ ಕಡಿಮೆ ಇತ್ತು. ಈಗ ಅವನಿಗೆ ನಾಲ್ಕು ದಾಟಿದೆ. ಎರಡು ಕಿವಿಗೂ ಶ್ರವಣ ಸಾಧನ, ವಾರಕ್ಕೆ ಎರಡು ದಿನ ಮಾತಿನ ತರಬೇತಿ. 'ಉಮ್ಮ' ಅನ್ನುತ್ತಾನೆ, 'ತನ್ನಿ' ಅನ್ನುತ್ತಾನೆ, 'ಬಾ' ಅನ್ನುತ್ತಾನೆ. ಉಳಿದದ್ದು ಇನ್ನೂ ಅವನ ಉಮ್ಮನಿಗೆ ಮಾತ್ರ ತಿಳಿಯುವ ಭಾಷೆ.

ಆ ಮನೆಯವರ ಹತ್ತಿರ ನಾವು ಆಮೇಲೆ ಎರಡು ಮೂರು ಸಲ ಮಾತಾಡಿದೆವು. ಅವರು ಮಗುವನ್ನು ಕಡೆಗಣಿಸಿದವರಲ್ಲ. ಎರಡು ವರ್ಷಕ್ಕೇ ಒಂದು ಕ್ಲಿನಿಕ್ಕಿಗೆ ತೋರಿಸಿದ್ದಾರೆ, ಅಲ್ಲಿ 'ಕಾಯಿರಿ, ಮಾತು ಬರುತ್ತದೆ' ಎಂದಿದ್ದಾರೆ. ಎರಡೂವರೆಗೆ ಒಂದು ಖಾಸಗಿ ನರ್ಸರಿಗೆ ಹಾಕಿದ್ದಾರೆ. ಮೂರನೇ ವಾರ ಅಲ್ಲಿಂದ ಕರೆ ಬಂತು. 'ನಿಮ್ಮ ಮಗು ಒಂದು ಕಡೆ ಕೂರುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಸ್ವಲ್ಪ ದೊಡ್ಡವನಾದ ಮೇಲೆ ತನ್ನಿ.' ಕಟ್ಟಿದ ಫೀಸು ವಾಪಸ್ ಬರಲಿಲ್ಲ, ಅದು ಬೇರೆ ಮಾತು. ಹೇಳಿದ್ದು ಕೇಳುವುದಿಲ್ಲ ಎಂದು ಅವರು ದೂರಿದ್ದು ಅಕ್ಷರಶಃ ನಿಜವಾಗಿತ್ತು. ಆದರೂ ಯಾಕೆ ಕೇಳುವುದಿಲ್ಲ ಎಂದು ಅಲ್ಲಿ ಯಾರೂ ಯೋಚಿಸಲಿಲ್ಲ. ಮಸ್ಕತ್‌ನಲ್ಲಿದ್ದ ಉಪ್ಪ ಪ್ರತಿ ತಿಂಗಳು ದುಡ್ಡು ಕಳಿಸುತ್ತಲೇ ಇದ್ದರು. ಕೊರತೆ ದುಡ್ಡಿನದ್ದಾಗಿರಲಿಲ್ಲ. ಎಲ್ಲಿ ಹೋಗಿ ಕೇಳಬೇಕು ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಬೇಕಾದ ಜಾಗ ಮನೆಯಿಂದ ಕಾಲುದಾರಿಯಲ್ಲಿ ಐದು ನಿಮಿಷ ದೂರದಲ್ಲಿತ್ತು, ಅಲ್ಲಿಂದ ಅವರು ತಿಂಗಳು ತಿಂಗಳು ಪ್ಯಾಕೆಟ್ ತರುತ್ತಿದ್ದರು.

'ಅದು ಬಡವರದ್ದಲ್ವಾ?'

ನಮ್ಮ ಬ್ಯಾರಿ ಮನೆಗಳಲ್ಲಿ ಅಂಗನವಾಡಿ ಎಂದರೆ ಈಗಲೂ ಮೂರು ಕೆಲಸಕ್ಕೆ ಹೋಗುವ ಜಾಗ. ಬಸುರಿಯಾದಾಗ ತಾಯಿ ಕಾರ್ಡ್‌ನ ಲೆಕ್ಕ, ಕೂಸಿಗೆ ಚುಚ್ಚುಮದ್ದು, ಆಹಾರದ ಪ್ಯಾಕೆಟ್. ಮಗುವಿಗೆ ಮೂರು ತುಂಬುತ್ತಲೇ ಬ್ಯಾಗು, ಶೂ, ಟೈ, ವ್ಯಾನು. ಅಂಗನವಾಡಿಯ ಕಡೆಗೆ ಮತ್ತೆ ತಿರುಗಿ ನೋಡುವುದಿಲ್ಲ. 'ಅದು ಬಡವರದ್ದಲ್ವಾ?' ಎಂದು ನಮ್ಮ ಸಂಬಂಧಿಕರೇ ಒಬ್ಬರು ಕೇಳಿದರು. ಹಾಗೆ ಕೇಳಿದವರು ಚಿಕ್ಕವರಿದ್ದಾಗ ಅದೇ ಅಂಗನವಾಡಿಯ ಉಪ್ಪಿಟ್ಟು ತಿಂದವರು!

ಅಂಗನವಾಡಿ ಎಂಬ ವ್ಯವಸ್ಥೆಗೆ ಐವತ್ತು ವರ್ಷ ತುಂಬಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾಯಿತು. ಅದರಲ್ಲಿ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಆಗಲೇ ಆರು ಸೇವೆಗಳನ್ನು ಒಟ್ಟಿಗೆ ಹೆಣೆದಿದ್ದರು. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ. ನಾವು ನೆನಪಿಟ್ಟುಕೊಂಡದ್ದು ಆಹಾರ ಮತ್ತು ಚುಚ್ಚುಮದ್ದು. ತಪಾಸಣೆ ಮತ್ತು ಕಳಿಸಿಕೊಡುವ ಕೆಲಸವನ್ನು ಮರೆತಿದ್ದೇವೆ. ಈ ಲೇಖನದ ಹುಡುಗನಿಗೆ ದಾರಿ ತೋರಿಸಿದ್ದು ಆ ಎರಡು ಕೆಲಸ.

ಟೀಚರ್ ಹೇಳಿದ 'ಡಾಕ್ಟರರ ತಂಡ' ಎಂದರೆ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ. ಇಲಾಖೆಯವರು ಚಿಕ್ಕದಾಗಿ ಆರ್‌ಬಿಎಸ್‌ಕೆ ಅನ್ನುತ್ತಾರೆ. ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳಲ್ಲಿ ಹುಟ್ಟುನ್ಯೂನತೆ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ ಇವನ್ನು ಹುಡುಕುವುದು ಅವರ ಕೆಲಸ. ಸೀಳು ತುಟಿ, ತಿರುಚಿದ ಪಾದ, ಹೃದಯದ ತೊಂದರೆ, ದೃಷ್ಟಿ, ಶ್ರವಣ, ಮಾತು, ಹಲ್ಲು ಎಲ್ಲ ಅದರಲ್ಲಿ ಬರುತ್ತದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಮ್ಮೆ ಬರಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದರೆ ಸಣ್ಣ ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಬೇಗ ಚಿಕಿತ್ಸೆ ಶುರು ಮಾಡುವ ಕೇಂದ್ರಕ್ಕೆ ಕಳಿಸುತ್ತಾರೆ. ಮುಂದಿನ ಚಿಕಿತ್ಸೆಯ ದಾರಿಯೂ ಅಲ್ಲಿಂದಲೇ.

ಮೇಲಿನ ಮಾತನ್ನು ಇನ್ನೊಮ್ಮೆ ಓದಿ. ಅಂಗನವಾಡಿ, ಸರಕಾರಿ ಶಾಲೆ, ಅನುದಾನಿತ ಶಾಲೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಹೋಗುವ ಖಾಸಗಿ ನರ್ಸರಿ, ಎಲ್‌ಕೆಜಿ, ಯುಕೆಜಿ ಈ ಸಾಲಿನಲ್ಲಿ ಇಲ್ಲ. ಅಂದರೆ ಮೂರರಿಂದ ಆರು ವರ್ಷದ ತನಕ, ತೊಂದರೆ ಗೊತ್ತಾಗಲೇಬೇಕಾದ ಕಾಲದಲ್ಲಿ, ದುಡ್ಡು ಕೊಟ್ಟು ಕಲಿಸುವ ಮನೆಯ ಮಗುವನ್ನು ಯಾರೂ ನೋಡುವುದಿಲ್ಲ. ಪುಕ್ಕಟೆ ಕಲಿಯುವ ಮಗುವನ್ನು ವರ್ಷಕ್ಕೆ ಎರಡು ಸಲ ನೋಡುತ್ತಾರೆ.

ಹಾಗಾದರೆ ಎಲ್‌ಕೆಜಿ ಬಿಡಿಸಿ ಅಂಗನವಾಡಿಗೆ ಹಾಕಬೇಕಾ ಎಂದು ಕೇಳಬೇಡಿ, ಅದು ನಿಮ್ಮ ಮನೆಯ ತೀರ್ಮಾನ. ನಾವು ಹೇಳುವುದು ಅದಕ್ಕಿಂತ ಸಣ್ಣ ಸಂಗತಿ. ಅಂಗನವಾಡಿಯ ಕಾರ್ಯಕರ್ತೆ ತನ್ನ ವ್ಯಾಪ್ತಿಯ ಎಲ್ಲ ಮನೆಗಳ ಸಮೀಕ್ಷೆ ಮಾಡಿ ಪುಸ್ತಕ ಇಟ್ಟುಕೊಂಡಿರುತ್ತಾರೆ. ಆರು ವರ್ಷದೊಳಗಿನ ಮಗು ಎಲ್ಲಿಗೇ ಕಲಿಯಲು ಹೋಗಲಿ, ಅದರ ಹೆಸರು ಆ ಪುಸ್ತಕದಲ್ಲಿ ಇರಬೇಕು. ಬಾಡಿಗೆ ಮನೆ ಬದಲಾಯಿಸಿದವರು, ಗಲ್ಫಿನಿಂದ ಮಕ್ಕಳನ್ನು ಕರೆದುಕೊಂಡು ಬಂದು ಇಲ್ಲೇ ಉಳಿದವರು, ಹೆರಿಗೆಗೆ ತವರಿಗೆ ಹೋಗಿ ವರ್ಷ ಕಳೆದವರು, ಇವರ ಮಕ್ಕಳ ಹೆಸರು ಎಷ್ಟೋ ಸಲ ಎಲ್ಲಿಯೂ ಇರುವುದಿಲ್ಲ. ಒಮ್ಮೆ ಹೋಗಿ ಬರೆಸಿ. ತಂಡ ಬರುವ ದಿನ ಕೇಳಿಟ್ಟುಕೊಳ್ಳಿ. ಆ ಒಂದು ಬೆಳಗ್ಗೆ ನರ್ಸರಿಗೆ ರಜೆ ಹಾಕಿಸಿ ಮಗುವನ್ನು ಕರೆದುಕೊಂಡು ಹೋಗಿ.

'ನಾನು ಯಾರ ಹತ್ತಿರ ಕೇಳಲಿ?'

ಅದೇ ಊರಿನಲ್ಲಿ ಅಂಗನವಾಡಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಮದ್ರಸದ ಪಕ್ಕದ ಕಟ್ಟಡದಲ್ಲಿ, ಜಮಾಅತ್‌ನ ಕೆಲವರು ಸೇರಿ ನಡೆಸುವ ಒಂದು ನರ್ಸರಿ ಉಂಟು. ಎರಡು ಕೋಣೆ, ಇಪ್ಪತ್ತೆಂಟು ಮಕ್ಕಳು, ಇಬ್ಬರು ಟೀಚರ್. ಅವರಲ್ಲಿ ಚಿಕ್ಕವಳು ಪಿಯುಸಿ ಮುಗಿಸಿ ಒಂದು ವರ್ಷದ ನರ್ಸರಿ ಟ್ರೈನಿಂಗ್ ಮಾಡಿದವಳು. ತಿಂಗಳ ಸಂಬಳ ಕೇಳಿದಾಗ ನಕ್ಕು ಸುಮ್ಮನಾದಳು. ಆದರೆ ಮಕ್ಕಳ ವಿಷಯ ತೆಗೆದ ಕೂಡಲೇ ಮಾತು ನಿಲ್ಲಲಿಲ್ಲ.

"ಒಬ್ಬ ಇದ್ದಾನೆ, ಬೇರೆ ಮಕ್ಕಳನ್ನು ಕಚ್ಚುತ್ತಾನೆ. ಒಬ್ಬಳು ಜೂನಿನಿಂದ ಇವತ್ತಿನವರೆಗೆ ಒಂದು ಮಾತು ಆಡಿಲ್ಲ, ಮನೆಯಲ್ಲಿ ಚೆನ್ನಾಗಿ ಮಾತಾಡ್ತಾಳಂತೆ. ಇನ್ನೊಬ್ಬನಿಗೆ ಪೆನ್ಸಿಲ್ ಹಿಡಿಯಲಿಕ್ಕೇ ಆಗುವುದಿಲ್ಲ, ಆದರೆ ಅವನ ಉಮ್ಮ ದಿನಾ ಫೋನ್ ಮಾಡಿ ಎಬಿಸಿಡಿ ಯಾಕೆ ಬರೆಸಿಲ್ಲ ಅಂತ ಕೇಳ್ತಾರೆ. ನಾನು ಯಾರ ಹತ್ತಿರ ಕೇಳಲಿ? ಕಮಿಟಿಯವರಿಗೆ ಹೇಳಿದರೆ ಗದರಿಸಿ ಅಂತಾರೆ. ಯೂಟ್ಯೂಬ್ ನೋಡಿದರೆ ಅದರಲ್ಲಿ ಎಲ್ಲ ವಿದೇಶದ ಕ್ಲಾಸು, ಒಂದು ಟೀಚರಿಗೆ ಎಂಟು ಮಕ್ಕಳು."

ಈ ಹುಡುಗಿಯ ಪ್ರಶ್ನೆಗೆ ನಮ್ಮಲ್ಲಿ ಆಗ ಉತ್ತರ ಇರಲಿಲ್ಲ. ಮೂರು ವರ್ಷದ ಮಕ್ಕಳಿಗೆ ಕಲಿಸುವವರು ಎಲ್ಲರಿಗಿಂತ ಕಡಿಮೆ ಸಂಬಳದವರು, ಎಲ್ಲರಿಗಿಂತ ಒಂಟಿ. ಹೈಸ್ಕೂಲು ಮಾಸ್ತರರಿಗೆ ಸಂಘ ಉಂಟು, ತರಬೇತಿ ಉಂಟು. ಮದ್ರಸದ ಉಸ್ತಾದರಿಗೂ ಮಂಡಳಿಯ ಪಠ್ಯ, ಪರೀಕ್ಷೆ, ಮೇಲ್ವಿಚಾರಣೆ ಉಂಟು. ನರ್ಸರಿ ಟೀಚರಿಗೆ ಒಂದು ಡಸ್ಟರ್, ಒಂದು ಹಾಜರಿ ಪುಸ್ತಕ.

ತಮಾಷೆ ಏನೆಂದರೆ, ಇನ್ನೂರು ಹೆಜ್ಜೆ ಆಚೆಗೆ ಕುಳಿತ ಅಂಗನವಾಡಿ ಟೀಚರ್ ಹತ್ತಿರ ಅವಳ ಅರ್ಧ ಪ್ರಶ್ನೆಗೆ ಉತ್ತರ ಇತ್ತು. 2023ರಲ್ಲಿ ಶುರುವಾದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮದಲ್ಲಿ ಅಂಗನವಾಡಿಯವರಿಗೆ ಶಾಲಾಪೂರ್ವ ಶಿಕ್ಷಣದ ತರಬೇತಿ ಕೊಡುತ್ತಿದ್ದಾರೆ. 2024ರಲ್ಲಿ ಎರಡು ಚೌಕಟ್ಟುಗಳು ಬಂದವು. ಮೂರು ವರ್ಷದೊಳಗಿನ ಮಕ್ಕಳ ಜೊತೆ ಮನೆಯಲ್ಲಿ ಹೇಗೆ ಆಡಬೇಕು, ಮಾತಾಡಬೇಕು ಎಂದು ಹೇಳುವ 'ನವಚೇತನ', ಮತ್ತೆ ಮೂರರಿಂದ ಆರರ ಮಕ್ಕಳಿಗೆ ಚಟುವಟಿಕೆಗಳನ್ನು ಜೋಡಿಸಿದ 'ಆಧಾರಶಿಲಾ'. ಎರಡರಲ್ಲೂ ಹಿಂದೆ ಬೀಳುವ ಮಗುವನ್ನು ಹೇಗೆ ಗುರುತಿಸಬೇಕು ಎಂಬ ಭಾಗ ಉಂಟು. ಎನ್‌ಸಿಇಆರ್‌ಟಿಯ 'ಜಾದೂಯಿ ಪಿಟಾರಾ' ಎಂಬ ಆಟಿಕೆ, ಚಿತ್ರ, ಕಥೆಗಳ ಪೆಟ್ಟಿಗೆ 2023ರಲ್ಲಿ ಬಂತು. ಮರುವರ್ಷ ಅದನ್ನು ಫೋನಿನಲ್ಲಿ ಬಳಸುವ ಆ್ಯಪ್ ಕೂಡ ಬಂತು. ಆ ಆ್ಯಪ್ ಪುಕ್ಕಟೆ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'ನಲ್ಲಿ ಕನ್ನಡದ ಚಿತ್ರಕಥೆಗಳು ನೂರಾರು ಇವೆ. ಓದಬಹುದು, ಪ್ರಿಂಟ್ ತೆಗೆಯಬಹುದು, ಬೇರೆ ಭಾಷೆಗೆ ತಿರುಗಿಸಲೂ ಅನುಮತಿ ಉಂಟು.

ನಾವು ಎರಡೂ ಟೀಚರರನ್ನು ಒಂದು ಶನಿವಾರ ಸಂಜೆ ಒಟ್ಟಿಗೆ ಕೂರಿಸಿದೆವು. ಒಂದೇ ಊರಿನಲ್ಲಿ ಆರು ವರ್ಷ ಕೆಲಸ ಮಾಡಿದ ಇಬ್ಬರು ಅಲ್ಲಿಯ ತನಕ ಮುಖ ನೋಡಿ ಮಾತಾಡಿರಲಿಲ್ಲ! ಕಚ್ಚುವ ಹುಡುಗನ ವಿಷಯ ಬಂದಾಗ ಅಂಗನವಾಡಿ ಟೀಚರ್ ಕೇಳಿದ ಮೊದಲ ಪ್ರಶ್ನೆ, "ಯಾವ ಹೊತ್ತಿಗೆ ಕಚ್ತಾನೆ?" ಯೋಚಿಸಿ ನೋಡಿದರೆ ಯಾವಾಗಲೂ ಹನ್ನೊಂದು ಗಂಟೆಯ ಸುಮಾರಿಗೆ. ಬೆಳಗ್ಗೆ ಏನೂ ತಿನ್ನದೆ ವ್ಯಾನು ಹತ್ತುವ ಮಗು ಅದು. ಮನೆಯವರಿಗೆ ಹೇಳಿ ಹತ್ತೂವರೆಗೆ ಒಂದು ಬಾಳೆಹಣ್ಣು ಕೊಡಿಸಲು ಶುರು ಮಾಡಿದ ಮೇಲೆ ಕಚ್ಚುವುದು ಪೂರ್ತಿ ನಿಂತಿಲ್ಲ, ಆದರೆ ವಾರಕ್ಕೆ ಒಂದಕ್ಕೆ ಇಳಿದಿದೆ.

ಪೆನ್ಸಿಲ್‌ನ ವಿಷಯದಲ್ಲಿ ನಾವು ಹೆತ್ತವರ ಜೊತೆ ಸ್ವಲ್ಪ ಜಗಳ ಆಡಲೇಬೇಕು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಕಲಿಕೆಯನ್ನು ಆಟದ ಮೇಲೆ ನಿಲ್ಲಿಸಿದೆ. ಮೂರೂವರೆ ವರ್ಷದ ಬೆರಳಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆಸಬೇಕೆಂದು ಎಲ್ಲಿಯೂ ಹೇಳಿಲ್ಲ. ಮಣ್ಣು ನಾದುವುದು, ಹುಣಸೆ ಬೀಜ ಹೆಕ್ಕುವುದು, ಅಕ್ಕಿಹಿಟ್ಟಿನ ಉಂಡೆ ಕಟ್ಟುವುದು, ಇದರಿಂದ ಬೆರಳಿಗೆ ಬಲ ಬರುತ್ತದೆ. ಪುಂಡಿ ಮಾಡುವ ದಿನ ಮಗುವನ್ನು ಅಡುಗೆಮನೆಯಿಂದ ಓಡಿಸದೆ ಪಕ್ಕದಲ್ಲಿ ಕೂರಿಸಿಕೊಂಡರೆ ಅದೂ ಕ್ಲಾಸೇ. ಟೀಚರ್ ಬರೆಸದಿದ್ದರೆ ಅವಳಿಗೆ ಕಲಿಸಲು ಬರುವುದಿಲ್ಲ ಎಂದಲ್ಲ.

'ತನ್ನಿ' ಅಂದರೆ ನೀರು

ಮನೆಯಲ್ಲಿ ಮಾತೇ ಮಾತು, ನರ್ಸರಿಯಲ್ಲಿ ಮೌನ ಎಂದಳಲ್ಲ ಆ ಹುಡುಗಿಯ ಬಗ್ಗೆ, ಅದಕ್ಕೆ ಬರುತ್ತೇವೆ. ನಮ್ಮ ಮಗು ಮನೆಯಲ್ಲಿ ಬ್ಯಾರಿ ಆಡುತ್ತದೆ. ಅಂಗಳ ದಾಟಿದರೆ ತುಳು. ಅಂಗನವಾಡಿಯಲ್ಲಿ ಕನ್ನಡ. ನರ್ಸರಿಯಲ್ಲಿ 'ಸಿಟ್ ಡೌನ್, ಕಮ್ ಹಿಯರ್'. ಸಂಜೆ ಮದ್ರಸದ ಪಾಠದಲ್ಲಿ ಅರಬಿ ಅಕ್ಷರ, ಮಲಯಾಳದ ವಿವರಣೆ. ದೊಡ್ಡವರಾದ ನಾವೇ ಒಂದು ದಿನಕ್ಕೆ ಇಷ್ಟು ಭಾಷೆ ಬದಲಿಸಿದರೆ ಸುಸ್ತಾಗುತ್ತೇವೆ. ಮೂರು ವರ್ಷದ ಮಗು 'ತನ್ನಿ' ಎಂದು ಕೇಳಿದಾಗ ಟೀಚರ್ 'ಏನು ತರಬೇಕು?' ಎಂದು ಕೇಳಿದ ಕಥೆ ನಮಗೆ ಎರಡು ಕಡೆ ಸಿಕ್ಕಿತು. ಕನ್ನಡದಲ್ಲಿ 'ತನ್ನಿ' ಎಂದರೆ ತೆಗೆದುಕೊಂಡು ಬನ್ನಿ ಎಂದಲ್ಲವೇ! ಕೇಳಿದರೆ ನಗು ಬರುತ್ತದೆ. ಬಾಯಾರಿದ ಮಗುವಿಗೆ ಅದು ತಮಾಷೆಯಲ್ಲ. ಕೇಳಿಯೂ ಸಿಗದ ಮಗು ಎರಡು ವಾರದಲ್ಲಿ ಕೇಳುವುದನ್ನೇ ಬಿಡುತ್ತದೆ.

ಬಹಳ ಭಾಷೆ ಕೇಳಿದ್ದರಿಂದಲೇ ಮಗುವಿಗೆ ಮಾತು ತಡವಾಯಿತು ಎಂದು ಹೇಳುವವರು ಇದ್ದಾರೆ. ಕೆಲವು ಮನೆಗಳಲ್ಲಿ ಇದನ್ನು ನಂಬಿ ಬ್ಯಾರಿ ಬಿಟ್ಟು ಮಗುವಿನ ಜೊತೆ ಅರೆಬರೆ ಇಂಗ್ಲಿಷ್ ಆಡಲು ತೊಡಗಿದ್ದಾರೆ. ವಾಕ್-ಶ್ರವಣ ತಜ್ಞರು ಹೇಳುವುದು ಬೇರೆ. ಎರಡು ಮೂರು ಭಾಷೆಯ ಮನೆಯಲ್ಲಿ ಬೆಳೆದ ಮಾತ್ರಕ್ಕೆ ಮಾತಿನ ತೊಂದರೆ ಬರುವುದಿಲ್ಲ. ಮಗುವಿನ ಜೊತೆ ಮನೆಯವರಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಾತಾಡಬೇಕು. ವರ್ಷ ತುಂಬುವಾಗ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷಕ್ಕೂ ಒಂದು ಶಬ್ದ ಬಾರದ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸದ, ಅಥವಾ ಬಂದ ಮಾತು ಹಿಂದೆ ಹೋದ ಮಗುವಿಗೆ 'ಭಾಷೆ ಜಾಸ್ತಿ ಆಯಿತು' ಎಂಬ ಸಮಾಧಾನ ಹೇಳಿ ಕೂರಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು.

ಆ ನರ್ಸರಿಯಲ್ಲಿ ಈಗ ಒಂದು ಸಣ್ಣ ಉಪಾಯ ಮಾಡಿದ್ದಾರೆ. ಉಮ್ಮಂದಿರೇ ಕುಳಿತು ಇಪ್ಪತ್ತೈದು ಬ್ಯಾರಿ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರು. ನೀರು, ಅನ್ನ, ಹಸಿವು, ಹೊಟ್ಟೆನೋವು, ಮೂತ್ರ, ಹೆದರಿಕೆ, ಮನೆಗೆ ಹೋಗಬೇಕು. ಆ ಹಾಳೆಯ ಒಂದು ಪ್ರತಿ ಅಂಗನವಾಡಿಯ ಗೋಡೆಯಲ್ಲೂ ಉಂಟು. ಅಂಗನವಾಡಿ ಟೀಚರ್ ತುಳುವಿನವರು, ಅದನ್ನು ನೋಡಿ ಓದುವಾಗ ಉಚ್ಚಾರ ತಪ್ಪುತ್ತದೆ, ಮಕ್ಕಳು ನಗುತ್ತಾರೆ. ಮಾತಾಡದ ಹುಡುಗಿ ಅದೇ ನಗುವಿನ ಮಧ್ಯೆ ಮೊದಲ ಸಲ ಟೀಚರನ್ನು ತಿದ್ದಿದಳಂತೆ.

ಮಂಗಳೂರು ನಮ್ಮ ಬಾಗಿಲಲ್ಲೇ ಉಂಟು

ವಾಕ್ ಮತ್ತು ಶ್ರವಣದ ವಿಷಯದಲ್ಲಿ ನಮ್ಮ ಜಿಲ್ಲೆ ಅದೃಷ್ಟದ್ದು. ಮಂಗಳೂರಿನ ಫಾದರ್ ಮುಲ್ಲರ್, ಕೆಎಂಸಿ, ಡಾ. ಎಂ.ವಿ. ಶೆಟ್ಟಿ, ದೇರಳಕಟ್ಟೆಯ ನಿಟ್ಟೆ, ಇಷ್ಟು ಕಡೆ ಈ ವಿಷಯವನ್ನೇ ಕಲಿಸುವ ಕಾಲೇಜು ಅಥವಾ ವಿಭಾಗಗಳಿವೆ. ಕಾಲೇಜು ಇದ್ದಲ್ಲಿ ಪರೀಕ್ಷೆ ಮಾಡುವ, ಮಾತಿನ ತರಬೇತಿ ಕೊಡುವ ಕ್ಲಿನಿಕ್ ಇದ್ದೇ ಇರುತ್ತದೆ. ಇನ್ನೂ ಆಳವಾದ ತಪಾಸಣೆಗೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಉಂಟು. ಅಲ್ಲಿ ಕೇಳುವ ತೊಂದರೆ ಇರುವ ಪುಟ್ಟ ಮಕ್ಕಳಿಗೆ ಶಾಲಾಪೂರ್ವ ತರಬೇತಿ ಕೊಡುತ್ತಾರೆ, ತಾಯಿಗೂ ಮಗುವಿನ ಜೊತೆಯಲ್ಲೇ ಕಲಿಸುತ್ತಾರೆ.

ಇಲ್ಲಿ ವಯಸ್ಸಿನ ಲೆಕ್ಕ ಬಹಳ ಮುಖ್ಯ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಸಿಗುವುದು ಐದು ವರ್ಷದೊಳಗೆ ಬಂದರೆ. ರಾಜ್ಯದ 'ಶ್ರವಣ ಸಂಜೀವಿನಿ' ಕೂಡ ಪುಟ್ಟ ಮಕ್ಕಳಿಗಾಗಿಯೇ ಇರುವುದು. ನಾಲ್ಕು ವರ್ಷದ ತನಕ 'ಕಾಯುವ' ಎಂದು ಕೂತ ಮನೆಯವರಿಗೆ ಪರೀಕ್ಷೆ, ಕಾಗದಪತ್ರ, ಶಸ್ತ್ರಚಿಕಿತ್ಸೆಯ ದಿನಾಂಕ ಎಲ್ಲ ಮುಗಿಸಲು ಉಳಿಯುವುದು ತಿಂಗಳುಗಳು ಮಾತ್ರ. ಶಸ್ತ್ರಚಿಕಿತ್ಸೆ ಆದ ಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಬೇಕೇ ಬೇಕು, ಅದನ್ನು ನಡುವೆ ಬಿಟ್ಟರೆ ಯಂತ್ರ ಕಿವಿಯಲ್ಲಿದ್ದೂ ಪ್ರಯೋಜನ ಇಲ್ಲ.

ಅಂಗವೈಕಲ್ಯ ಖಚಿತವಾದರೆ ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಕಾನೂನಿನಲ್ಲಿ 21 ಬಗೆಯ ತೊಂದರೆಗಳಿಗೆ ಮಾನ್ಯತೆ ಉಂಟು, ಆಟಿಸಂ ಅದರಲ್ಲಿ ಸೇರಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಒಂದು ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಮತ್ತು ಥೆರಪಿಯ ಖರ್ಚು ಕೊಡುತ್ತದೆ. 'ಕಾರ್ಡ್ ಮಾಡಿಸಿದರೆ ನಾಳೆ ಮದುವೆಗೆ ತೊಂದರೆ' ಎಂದು ಹಿಂದೇಟು ಹಾಕುವವರು ನಮ್ಮಲ್ಲಿ ಇದ್ದಾರೆ. ಮಗುವಿಗೆ ಈಗ ಮೂರು ವರ್ಷ ಮಾರಾಯ್ರೆ, ಈಗ ಬೇಕಾದದ್ದು ಥೆರಪಿ.

ಮಗುವಿನ ಮೇಲೆ ಹಿಂಸೆ, ದೌರ್ಜನ್ಯದ ಸಂಶಯ ಬಂದರೆ 1098ಕ್ಕೆ ಕರೆ ಮಾಡಬಹುದು. ಬೆಳಗ್ಗೆ ಕೂಲಿಗೆ ಹೋಗುವ ಉಮ್ಮಂದಿರು ತಮ್ಮ ಪಂಚಾಯತ್‌ನಲ್ಲಿ 'ಕೂಸಿನ ಮನೆ' ಉಂಟಾ ಎಂದು ಕೇಳಿ. ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು ರಾಜ್ಯದ 4,000 ಗ್ರಾಮ ಪಂಚಾಯತ್‌ಗಳಿಗೆಂದು ರೂಪಿಸಿದ ಯೋಜನೆ ಅದು.

ಫೋನಿನಲ್ಲಿರುವ ಉಪ್ಪ

ಉಮ್ಮಂದಿರ ಬಗ್ಗೆ ಒಂದು ಮಾತು ಹೇಳದೆ ಮುಗಿಸಲು ಮನಸ್ಸಾಗುವುದಿಲ್ಲ. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ವಯಸ್ಸಾದ ಮಾಮಿ, ಕೈಯಲ್ಲಿ ಎರಡು ಮಕ್ಕಳು, ಸಂಜೆಯೊಳಗೆ ಬ್ರಾಂಚಿಗೆ ಕೊಡಬೇಕಾದ ಬೀಡಿ. ಅಂಥವಳು ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ನಾವು ಉಪದೇಶ ಮಾಡಲು ಹೊರಡುತ್ತೇವೆ. ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಐದರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಹೇಳಿದ್ದು ನಿಜ. ಅದೇ ಮಾರ್ಗಸೂಚಿಯಲ್ಲಿ ಪುಟ್ಟ ಮಕ್ಕಳಿಗೆ ಒಂದು ವಿನಾಯಿತಿಯೂ ಉಂಟು: ದೂರದ ಮನೆಯವರ ಜೊತೆ ವೀಡಿಯೋ ಕಾಲ್. ಹಾಗಾಗಿ ಉಪ್ಪನ ಕಾಲ್ ಬಂದಾಗ ಕೊಡಿ, ಹಾಡಿನ ವೀಡಿಯೋ ಹಾಕಿ ಊಟ ಮಾಡಿಸುವುದನ್ನು ನಿಧಾನವಾಗಿ ಕಡಿಮೆ ಮಾಡಿ. ಗಲ್ಫಿನಲ್ಲಿರುವ ಉಪ್ಪಂದಿರಿಗೂ ಒಂದು ವಿನಂತಿ. ಕಾಲ್ ಮಾಡಿದಾಗ 'ಊಟ ಆಯ್ತಾ' ಕೇಳಿ ಇಡಬೇಡಿ. ಮಗುವಿನ ಹೆಸರು ಕರೆಯಿರಿ, ತಿರುಗುತ್ತದಾ ನೋಡಿ. ಕೈಯಲ್ಲಿ ಎಂತ ಉಂಟು ಎಂದು ಕೇಳಿ, ಕಾಯಿರಿ. ಉತ್ತರ ಬಾರದಿದ್ದರೆ ಬೈಯುವುದು ಉಮ್ಮನನ್ನಲ್ಲ.

ಹೆರಿಗೆಯ ನಂತರ ಸುಮ್ಮನೆ ಅಳು ಬರುವ, ನಿದ್ದೆ ಬಾರದ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದ ಉಮ್ಮಂದಿರು ನಮ್ಮ ನಡುವೆ ಇದ್ದಾರೆ. ಅದಕ್ಕೆ ನೂಲು ಕಟ್ಟಿಸಿದರೆ ಸಾಕಾಗುವುದಿಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ-ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹೆಸರು ಹೇಳಬೇಕೆಂದೂ ಇಲ್ಲ. ಮಕ್ಕಳ ಗದ್ದಲದಲ್ಲಿ ಸೋತುಹೋದ ಟೀಚರರಿಗೂ ಅದೇ ನಂಬರು.

ಟೀಚರರ ಹಕ್ಕಿನ ಮಾತೂ ಉಂಟು. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಗೆ ಗ್ರಾಚ್ಯುಟಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಎಪ್ರಿಲ್‌ನಲ್ಲಿ ಹೇಳಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿಯ ಹಕ್ಕನ್ನು ಎತ್ತಿಹಿಡಿಯಿತು. ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿರುವ ಸಂಸ್ಥೆಯಲ್ಲಿ ಐದು ವರ್ಷ ದುಡಿದವರಿಗೆ ಅದು ಸಿಗಬೇಕು. ಎಲ್‌ಕೆಜಿಯಿಂದ ಹೈಸ್ಕೂಲಿನ ತನಕ ನಡೆಸುವ ನಮ್ಮ ಟ್ರಸ್ಟ್‌ಗಳವರು ಇದನ್ನು ಓದಿ ಪುಟ ಮಗುಚಬಾರದು. ವಾರ್ಷಿಕೋತ್ಸವಕ್ಕೆ ಲಕ್ಷ ರೂಪಾಯಿಯ ಪೆಂಡಾಲು ಹಾಕಿಸುವ ಕಮಿಟಿಗೆ ಟೀಚರಿಗೆ ವರ್ಷಕ್ಕೆ ನಾಲ್ಕು ದಿನದ ತರಬೇತಿ ಕೊಡಿಸಲು ಆಗುವುದಿಲ್ಲವೆಂದರೆ ನಾವು ನಂಬುವುದಿಲ್ಲ. ಅಂಗನವಾಡಿಗೆ ಬಾಲವಿಕಾಸ ಸಮಿತಿ ಎಂದು ಒಂದು ಉಂಟು, ಅದರಲ್ಲಿ ತಾಯಂದಿರಿಗೆ ಜಾಗ ಉಂಟು. ನಿಮ್ಮ ಊರಿನ ಸಮಿತಿಯಲ್ಲಿ ನಮ್ಮ ಉಮ್ಮಂದಿರು ಎಷ್ಟು ಮಂದಿ ಇದ್ದಾರೆ, ಕೇಳಿ ನೋಡಿ.

ಮೊನ್ನೆ ಡಾಕ್ಟರರ ತಂಡ ಮತ್ತೆ ಬಂದಿತ್ತು. ಜುಮಾದ ದಿನ ಮಸೀದಿಯ ಮೈಕಿನಲ್ಲಿ ಅದರ ದಿನಾಂಕ ಹೇಳಿದ್ದರು. ನರ್ಸರಿಯ ಇಪ್ಪತ್ತೆಂಟು ಮಕ್ಕಳಲ್ಲಿ ಹತ್ತೊಂಬತ್ತು ಮಂದಿಯ ಹೆಸರು ಈಗ ಅಂಗನವಾಡಿಯ ಪುಸ್ತಕದಲ್ಲಿದೆ. ಉಳಿದವರದ್ದು ಬೇರೆ ಅಂಗನವಾಡಿಯ ವ್ಯಾಪ್ತಿ. ಇಬ್ಬರೂ ಟೀಚರ್ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದರು. ಹೆಚ್ಚಿನ ಮಕ್ಕಳಿಗೆ ಹುಳುಕು ಹಲ್ಲು, ನಾಲ್ಕೈದು ಮಂದಿಗೆ ರಕ್ತಹೀನತೆಯ ಸಂಶಯ. ಒಬ್ಬಳು ಹುಡುಗಿಗೆ ಒಂದು ಕಣ್ಣು ಸ್ವಲ್ಪ ಓರೆ, ಕೂಡಲೇ ಮಂಗಳೂರಿಗೆ ತೋರಿಸಬೇಕೆಂದು ಚೀಟಿ ಬರೆದುಕೊಟ್ಟರು. ಆ ಹುಡುಗಿಯ ಉಮ್ಮ ಚೀಟಿಯನ್ನು ಎರಡು ಸಲ ಮಡಚಿ ಪರ್ಸಿನಲ್ಲಿಟ್ಟರು. ರಾತ್ರಿ ಉಪ್ಪನ ಫೋನ್ ಬಂದ ಮೇಲೆ ಕೇಳಿ ಹೇಳುತ್ತೇನೆ ಅಂದರು. ಪಕ್ಕದಲ್ಲೇ ಶ್ರವಣ ಸಾಧನ ಹಾಕಿದ ಹುಡುಗನ ಉಮ್ಮ ನಿಂತಿದ್ದರು. "ಸೋಮವಾರ ನಾವು ಹೇಗೂ ಥೆರಪಿಗೆ ಮಂಗಳೂರಿಗೆ ಹೋಗ್ತೇವೆ, ಏಳೂವರೆಯ ಬಸ್ಸು. ನೀವೂ ಬನ್ನಿ, ಒಟ್ಟಿಗೆ ಹೋಗುವ" ಅಂದರು.